ಅಜ್ಜಿಯ ಸೀರೆಯ ಕಸೂತಿ, ಮಕ್ಕಳ ಕೈಯ ಗೋಡೆಚಿತ್ರ

ನಮ್ಮ ಧಾರವಾಡ ಸೀಮೆಯಲ್ಲಿ ಯಾವ ಹಳ್ಳಿಯ ಯಾವ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೆ ಏನಾದರೂ ತೂಗಹಾಕಿರುವದನ್ನು ಕಾಣುತ್ತೇವೆ. ತೀರಿಹೋದ ಹಿರಿಯರ ಫೋಟೋ, ಅಂಗಡಿಯವನು ಕೊಟ್ಟ ಕ್ಯಾಲೆಂಡರು, ಜಾತ್ರೆಯಲ್ಲಿ ಕೊಂಡ ಅಚ್ಚಿನ ಚಿತ್ರ, ಇವು ಸಾಮಾನ್ಯವಾಗಿ ಇರುವವು. ಆದರೆ ಆ ಮನೆಯ ಮಕ್ಕಳು ತಮ್ಮ ಕೈಯಿಂದ ಮಾಡಿದ್ದು, ಮತ್ತು ಅವರು ದೊಡ್ಡವರಾಗಿ ಬೇರೆ ಊರಿಗೆ ಹೋದ ಮೇಲೂ ನೋಡಿ ನೆನಸತಕ್ಕದ್ದು, ಅಂಥ ವಸ್ತು ಗೋಡೆಯ ಮೇಲೆ ಇರುವದು ಅಪರೂಪ. ಅದನ್ನು ಮಾಡುವದಕ್ಕೆ ದೂರದ ಪಟ್ಟಣದಿಂದ ಹೆಚ್ಚೇನೂ ತರಿಸಬೇಕಾಗಿಲ್ಲ. ಅದಕ್ಕೆ ಬೇಕಾದ ಮಾದರಿಯು ಅನೇಕರ ಮನೆಯಲ್ಲಿ ಟ್ರಂಕಿನ ತಳದಲ್ಲಿಯೇ ಮಡಚಿ ಬಿದ್ದಿದೆ. ಅದೇನಂದರೆ, ಅಜ್ಜಿಯ ಕಸೂತಿಯ ಸೀರೆ.

ಇಳಕಲ್ಲ ಸೀರೆಯ ಸೆರಗಿನ ಹತ್ತಿರವೂ, ಕುಪ್ಪಸದ ಖಣದ ಮೇಲೆಯೂ, ಎಳೆಗೂಸಿನ ಕುಂಚಿಗೆ ಕುಲಾಯಿಗಳ ಮೇಲೆಯೂ ನಮ್ಮ ಸೀಮೆಯ ಹೆಂಗಸರು ಬಹು ಕಾಲದಿಂದ ಕಸೂತಿಯನ್ನು ಹಾಕುತ್ತ ಬಂದರು. ಮದುಮಗಳಿಗೆ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಕಸೂತಿ ಹಾಕಿ ಕೊಡುವ ವಾಡಿಕೆ ಇತ್ತು. ತೇರು, ಪಲ್ಲಕ್ಕಿ, ಗೋಪುರ, ಆನೆ, ನವಿಲು, ಗಿಳಿ, ತೊಟ್ಟಿಲು, ಚಿಕ್ಕಿ, ಹೀಗೆ ಊರಲ್ಲಿಯೂ ಮನೆಯಲ್ಲಿಯೂ ಕಣ್ಣಿಗೆ ಬಿದ್ದದ್ದೆಲ್ಲ ಸೂಜಿಯ ಮೊನೆಗೆ ಬಂತು. ಈ ಕೆಲಸದ ವಿಶೇಷವೇನಂದರೆ, ಬಟ್ಟೆಯ ಮೇಲೆ ಅಚ್ಚು ಒತ್ತುವದಿಲ್ಲ, ಸೀಸದ ಕಡ್ಡಿಯಿಂದ ಗೆರೆ ಎಳೆಯುವದೂ ಇಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿ ಎಣಿಸಿಯೇ ಚಿತ್ರವನ್ನು ಎಬ್ಬಿಸಬೇಕು. ಕಸೂತಿಯ ಪುಸ್ತಕಗಳು ಅಚ್ಚಾಗಿವೆ, ನಿಜ. ಆದರೆ ನಿಮ್ಮ ಅಜ್ಜಿಯ ತೇರು ಆ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಯಾಕಂದರೆ ಒಬ್ಬಳಿಂದ ಒಬ್ಬಳು ಕಲಿಯುವಾಗ ಒಂದು ಗಾಲಿ ಹೆಚ್ಚಾಯಿತು, ಕಳಸದ ಮೇಲೆ ಒಂದು ಗಿಳಿ ಕೂತಿತು. ಆ ಹೆಚ್ಚುಕಡಿಮೆಯ ಲೆಕ್ಕವು ಹಾಕಿದವಳ ಬೆರಳಿನಲ್ಲಿ ಮಾತ್ರ ಇರುವದು.

ನನ್ನ ಮನೆಯಲ್ಲಿ ನಡೆದ ತಪ್ಪನ್ನು ಇಲ್ಲಿ ಹೇಳುತ್ತೇನೆ. ನನ್ನ ಅಜ್ಜಿಗೆ ಒಂದು ಚಂದ್ರಕಾಳಿ ಸೀರೆ ಇತ್ತು. ಅದರ ಸೆರಗಿನಲ್ಲಿ ಒಂದು ಪಲ್ಲಕ್ಕಿ, ಅದರ ಎರಡೂ ಕಡೆಗೆ ಗಿಳಿಗಳು. ಅಜ್ಜಿ ತೀರಿಕೊಂಡ ಎರಡನೆಯ ವರುಷ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ನಮ್ಮ ಓಣಿಗೆ ಬಂದಳು. ಸೀರೆಯ ಅಂಚು ಹರಿದಿತ್ತು, ಮಡಿಕೆಯ ಗೆರೆಯಲ್ಲಿ ಬಟ್ಟೆ ಬಿಟ್ಟುಕೊಳ್ಳುತ್ತಿತ್ತು. ನಾನೇ ಅದನ್ನು ತಂದು ಕೊಟ್ಟು ಒಂದು ಸ್ಟೀಲಿನ ಸೌಟನ್ನೂ ಒಂದು ತಾಟನ್ನೂ ತಕ್ಕೊಂಡೆನು. ಕೆಲವು ವರುಷಗಳಾದ ಮೇಲೆ ನನ್ನ ಮಗಳು, ಅಜ್ಜಿಯ ಪಲ್ಲಕ್ಕಿ ಹೇಗಿತ್ತು ಎಂದು ಕೇಳಿದಳು. ನನ್ನ ತಾಯಿ ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಲಿಕ್ಕೆ ನೋಡಿದರು. ಪಲ್ಲಕ್ಕಿಯ ದಂಡಿಗೆ ಬಂತು, ಗಿಳಿಯ ಕೊಕ್ಕು ಬಂತು. ಆದರೆ ನಡುವೆ ಏನಿತ್ತು, ಎಷ್ಟು ಮನೆಗಳಿದ್ದವು, ಹೇಳಲಿಕ್ಕೆ ಯಾರಿಗೂ ಆಗಲಿಲ್ಲ. ಆ ಸೌಟು ಈಗಲೂ ನಮ್ಮ ಒಲೆಯ ಬಳಿಯಲ್ಲಿ ಇದೆ.

ಕೆಲಸವು ಹೀಗೆ ಕಳೆದುಹೋಗುವದು ಒಂದೇ ಮನೆಯ ಕಥೆಯಲ್ಲ. ನವಲಗುಂದದ ಜಮಖಾನದ ವಿಷಯ ನಮ್ಮ ವಾಚಕರು ಕೇಳಿರಬಹುದು. ಆ ಊರಿನ ಹೆಂಗಸರು ನಿಂತ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳುಳ್ಳ ಜಮಖಾನಗಳನ್ನು ನೇಯುವರು. 2011ನೆಯ ಇಸವಿಯಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ದಾಖಲೆಯೂ ದೊರಕಿತು. ಈ ನೇಕಾರರು ಮುಂಚೆ ತಮ್ಮ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಸಹ ಕಲಿಸುತ್ತಿರಲಿಲ್ಲವೆಂದೂ, ಮದುವೆಯಾಗಿ ಬೇರೆ ಮನೆಗೆ ಹೋದರೆ ಗುಟ್ಟು ಹೊರಗೆ ಬೀಳುವದೆಂಬ ಭಯದಿಂದ ಸೊಸೆಯಂದಿರಿಗೆ ಮಾತ್ರ ಹೇಳಿಕೊಡುತ್ತಿದ್ದರೆಂದೂ ಹೇಳುವದುಂಟು. ಈಗ ಅದನ್ನು ಬಲ್ಲ ಹೆಂಗಸರು ಬಹಳ ಕಡಿಮೆ. ಅವರು ಗುಟ್ಟನ್ನು ಕಾಯ್ದರು. ನಾವು ಕಾಯದೆ ಸೌಟಿಗೆ ಕೊಟ್ಟೆವು. ಇವೆರಡರಲ್ಲಿ ಯಾವದು ಹೆಚ್ಚು ತಪ್ಪೆಂದು ನಾನು ಹೇಳಲಾರೆನು.

ಮುಂದೆ ನನ್ನ ಮಗಳು ನಮ್ಮ ಓಣಿಯ ಒಬ್ಬ ಮುದುಕಿಯ ಬಳಿಗೆ ಹೋಗಿ, ಆಕೆಯ ಮಗ ಕೂಸಾಗಿದ್ದಾಗಿನ ಕುಂಚಿಗೆಯನ್ನು ನೋಡಿ ಕಲಿತಳು. ಆ ಕಲಿಕೆಯಿಂದ ತಿಳಿದದ್ದನ್ನೇ ಕೆಳಗೆ ಬರೆದಿದ್ದೇನೆ.

ಮೊದಲು ಬಟ್ಟೆ. ಮಕ್ಕಳ ಕಣ್ಣಿಗೆ ಎಳೆ ಎಣಿಸಲಿಕ್ಕೆ ಬರುವಂಥ ಬಟ್ಟೆ ಬೇಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮ್ಯಾಟಿ ಬಟ್ಟೆ ಎಂದು ಕೇಳಿದರೆ ಸಮ ನೇಯ್ಗೆಯ ದಪ್ಪ ಬಟ್ಟೆಯನ್ನು ಕೊಡುವರು. ಇಲ್ಲವಾದರೆ ದಪ್ಪ ಎಳೆಯ ಖಾದಿಯೂ ನಡೆಯುವದು. ನಮ್ಮ ಧಾರವಾಡ ತಾಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೇಯುತ್ತ ಬಂದಿರುವಾಗ ನಾವು ಖಾದಿಗಾಗಿ ಬಹು ದೂರ ಹೋಗಬೇಕಾಗಿಲ್ಲ. ಆದರೆ ಕೈನೂಲಿನ ಎಳೆಗಳು ಒಂದೇ ದಪ್ಪ ಇರುವದಿಲ್ಲ. ಆದದರಿಂದ ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎರಡೂ ಕಡೆ ಎಣಿಸಿ ನೋಡಿರಿ. ಇವೆರಡರಲ್ಲಿ ಹೆಚ್ಚಿನ ವ್ಯತ್ಯಾಸವಿದ್ದರೆ ಚೌಕವು ಚೌಕವಾಗದೆ ಉದ್ದವಾಗುವದು, ಆನೆಯು ಬಡಕಲಾಗುವದು. ಹುಡುಗರು ಇದಕ್ಕೆ ನಗುವರು. ಆದರೆ ಒಂದು ತಿಂಗಳು ಹೊಲಿದ ಮೇಲೆ ನಗುವಂತಾಗಬಾರದು.

ಈ ಎಣಿಕೆಯಿಂದ ಚಿತ್ರದ ಅಳತೆಯೂ ತಿಳಿಯುವದು. ಹೇಗಂದರೆ, ಅಂಗುಲಕ್ಕೆ 32 ಎಳೆ ಇದ್ದು, ಒಂದೊಂದು ಹೊಲಿಗೆಗೆ 4 ಎಳೆ ಹಿಡಿದರೆ ಅಂಗುಲಕ್ಕೆ 8 ಹೊಲಿಗೆ. ಅಜ್ಜಿಯ ತೇರು 40 ಹೊಲಿಗೆ ಅಗಲವಿದ್ದರೆ ನಿಮ್ಮ ಬಟ್ಟೆಯ ಮೇಲೆ ಅದು 5 ಅಂಗುಲ ಬರುವದು. ಸುತ್ತಲೂ ಮೂರು ಮೂರು ಅಂಗುಲ ಬಿಡಬೇಕಾದದರಿಂದ 11 ಅಂಗುಲದ ಬಟ್ಟೆ ಬೇಕು. ಈ ಲೆಕ್ಕವನ್ನು ತಾಯಿಯು ಮಾಡದೆ ಮಗುವಿನಿಂದಲೇ ಮಾಡಿಸಲಿ. ಶಾಲೆಯಲ್ಲಿ ಭಾಗಾಕಾರಕ್ಕೆ ಅಳುವ ಹುಡುಗನು ಇಲ್ಲಿ ಅಳದೆ ಮಾಡುವದನ್ನು ನಾನು ನೋಡಿದ್ದೇನೆ. ಹುಡುಗನು ಎಂದು ಬೇಕೆಂತಲೇ ಬರೆದೆನು. ಸೂಜಿಯು ಹೆಣ್ಣುಮಕ್ಕಳದು ಎಂದು ನಮ್ಮವರು ತಿಳಿಯುವರು. ಊರಿನ ಸಿಂಪಿಗನು ಗಂಡಸಲ್ಲವೇ?

ನೂಲಿಗೆ ಆರು ಎಳೆಯ ಹತ್ತಿಯ ಲಡಿ ಸಾಕು. ಅದನ್ನು ಬಿಡಿಸಿ ಎರಡು ಎಳೆಯಿಂದ ಹೊಲಿಯಿರಿ. ಒಂದು ಮೊಳಕ್ಕಿಂತ ಉದ್ದದ ದಾರವನ್ನು ಮಕ್ಕಳ ಕೈಗೆ ಕೊಡಬಾರದು, ಸಿಕ್ಕಾಗುವದು. ಕೆಂಪು, ಹಸುರು, ಹಳದಿ, ಕಿತ್ತಳೆ ಇವು ಹಳೆಯ ಕಸೂತಿಯ ಬಣ್ಣಗಳು. ಹೊಲಿಯುವದಕ್ಕೆ ಮುಂಚೆ ದಾರವನ್ನು ಒದ್ದೆಯಾದ ಬಿಳಿ ಅರಿವೆಯಲ್ಲಿ ಒತ್ತಿ ನೋಡಿರಿ. ಬಣ್ಣ ಬಿಟ್ಟರೆ ಆ ಲಡಿಯನ್ನು ಬೇರೆ ಕೆಲಸಕ್ಕೆ ಇಡಿರಿ. ಕೆಂಪು ನೂಲು ಈ ವಿಷಯದಲ್ಲಿ ಬಹಳ ಮೋಸಗಾರ. ಸೂಜಿಯು ಮೊಂಡು ಮೊನೆಯದಾಗಿರಲಿ. ಅದು ಬೆರಳನ್ನು ಚುಚ್ಚುವದಿಲ್ಲವೆಂಬದು ಒಂದು ಪ್ರಯೋಜನ. ಎಳೆಯನ್ನು ಸೀಳದೆ ಎಳೆಗಳ ನಡುವೆ ಹೋಗುವದೆಂಬದು ಅದಕ್ಕಿಂತ ದೊಡ್ಡದು.

ಇನ್ನು ಹೊಲಿಗೆ. ಕಸೂತಿಯಲ್ಲಿ ನಾಲ್ಕು ಬಗೆ ಉಂಟು: ಗಂವಟಿ, ಮುರಗಿ, ನೇಯ್ಗಿ, ಮೆಂತಿ. ನೇಯ್ಗಿ ಎಂಬದು ನೇಯ್ದಂತೆ ಕಾಣುವದು. ಮೆಂತಿ ಎಂಬದು ಗುಣಾಕಾರದ ಗುರುತಿನಂತೆ ಎರಡು ಹೊಲಿಗೆ ಅಡ್ಡ ಹಾಯುವದು, ಮೆಂತೆಯ ಕಾಳು ಚೆಲ್ಲಿದಂತೆ ಕಾಣುವದು. ಇವೆರಡನ್ನು ಈಗ ಬಿಟ್ಟುಬಿಡೋಣ. ಮಕ್ಕಳು ಮೊದಲು ಗಂವಟಿಯನ್ನು ಕಲಿಯಲಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಸಾಲಿನ ಕೊನೆಯ ವರೆಗೆ ಹೋಗಬೇಕು. ಆಗ ಬಟ್ಟೆಯ ಮೇಲೆ ಒಂದು ಹೊಲಿಗೆ, ಒಂದು ಬಯಲು, ಒಂದು ಹೊಲಿಗೆ, ಒಂದು ಬಯಲು ಕಾಣುವದು. ತಿರುಗಿ ಅದೇ ತೂತುಗಳಲ್ಲಿ ಹಿಂದಕ್ಕೆ ಬರುವಾಗ ಬಯಲುಗಳೆಲ್ಲ ತುಂಬಿ ಒಂದೇ ಗೆರೆ ಆಗುವದು. ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿಯೂ ಹಾಗೆಯೇ. ಮುರಗಿಯೂ ಇದೇ ಹೊಲಿಗೆ. ಆದರೆ ಮೆಟ್ಟಲುಗಳಂತೆ ಅಡ್ಡ ಒಂದು, ಮೇಲಕ್ಕೆ ಒಂದು ಹೋಗುವದು.

ಗಂಟು ಹಾಕಬಾರದು. ಎರಡು ಬೆರಳಿನಷ್ಟು ದಾರವನ್ನು ಹಿಂದೆ ಬಿಟ್ಟು ಶುರು ಮಾಡಿರಿ. ತಿರುಗಿ ಬಂದ ಮೇಲೆ ಆ ಬಾಲವನ್ನು ಹೊಲಿಗೆಗಳ ಕೆಳಗೆ ತೂರಿಸಿ ಕತ್ತರಿಸಿರಿ. ಇಲ್ಲಿಯೇ ನಿಜವಾದ ಜಾಣತನವಿದೆ. ಚಿತ್ರವು ಒಂದೇ ಗೆರೆಯಲ್ಲ, ಅದಕ್ಕೆ ಕೊಂಬೆಗಳಿವೆ. ದಾರವು ನೆಟ್ಟಗೆ ಹೋಗುತ್ತ ಕೊಂಬೆಯ ಬುಡಕ್ಕೆ ಬಂದಾಗ ಏನು ಮಾಡಬೇಕು? ಕೊಂಬೆಯ ತುದಿಯ ವರೆಗೆ ಹೋಗಿ, ಅದನ್ನು ತುಂಬಿಸಿಕೊಂಡು ಬುಡಕ್ಕೆ ತಿರುಗಿ ಬಂದು, ಆ ಮೇಲೆ ಮುಂದೆ ನಡೆಯಬೇಕು. ಹಾದಿ ತಪ್ಪಿದರೆ ಎಲ್ಲಿಯೋ ಒಂದು ಬಯಲು ಉಳಿಯುವದು, ಇಲ್ಲವೆ ಹಿಂಬದಿಯಲ್ಲಿ ಅಡ್ಡದಾರ ಬೀಳುವದು. ಆ ಮುದುಕಿ ನನ್ನ ಮಗಳ ಕೆಲಸವನ್ನು ಮುಂಬದಿಯಲ್ಲಿ ಎಂದೂ ನೋಡಲಿಲ್ಲ. ಮೊದಲು ಮಗುಚುವರು.

ಆಕೆಗೆ ಎರಡು ಕಣ್ಣುಗಳೂ ಮಂಜಾಗಿದ್ದವು. ಸೂಜಿಗೆ ದಾರ ಪೋಣಿಸಲಿಕ್ಕೆ ಆಗುತ್ತಿರಲಿಲ್ಲ. ಆದರೆ ಹೆಬ್ಬೆರಳಿನ ಉಗುರನ್ನು ಹಿಂಬದಿಯ ಹೊಲಿಗೆಯ ಮೇಲೆ ಎಳೆದು, “ಇಲ್ಲಿ ಎಷ್ಟು ಎಳಿ ಹಿಡದಿ?” ಎನ್ನುವರು. ಮಗಳು, “ನಾಕು, ಆಯಿ,” ಎನ್ನುವಳು. “ನಾಕಲ್ಲವ್ವಾ, ಐದು ಹಿಡದಿ. ಬಿಚ್ಚು.” ಬಿಚ್ಚಿ ಎಣಿಸಿದರೆ ಐದೇ ಇರುತ್ತಿದ್ದವು. ಹೀಗೆ ಕಣ್ಣು ಮಗಳದೂ ಎಣಿಕೆ ಮುದುಕಿಯದೂ ಆಗಿ ಒಂದು ಬೇಸಿಗೆ ಕಳೆಯಿತು. ನಿಮ್ಮ ಮನೆಯ ಹಿರಿಯರು ಕೈ ನಡುಗುತ್ತದೆ, ಕಣ್ಣು ಕಾಣುವದಿಲ್ಲ ಎಂದು ಹೇಳಿದರೆ ಅಲ್ಲಿಗೇ ಬಿಡಬೇಡಿರಿ. ಸೂಜಿಯನ್ನು ಕೇಳಬೇಡಿರಿ, ಲೆಕ್ಕವನ್ನು ಕೇಳಿರಿ.

ಗಂವಟಿಯ ಹೊಲಿಗೆಗೆ ಯುರೋಪದಲ್ಲಿ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಹ್ಯಾನ್ಸ್ ಹೋಲ್ಬೈನ್ ಎಂಬವನು ಬಾಸೆಲ್ ಪಟ್ಟಣದಲ್ಲಿ ಅನೇಕ ವರುಷ ವಾಸಿಸಿ, ಬಳಿಕ ಇಂಗ್ಲೆಂಡಿಗೆ ಹೋಗಿ, 1543ನೆಯ ಇಸವಿಯಲ್ಲಿ ಲಂಡನಿನಲ್ಲಿ ತೀರಿಹೋದ ಚಿತ್ರಗಾರನು. ಅವನು ಬರೆದ ಶ್ರೀಮಂತರ ಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿಯ ಮೇಲೆಯೂ ಮುಂಗೈಯ ಅಂಚಿನ ಮೇಲೆಯೂ ಎರಡೂ ಬದಿಗೆ ಒಂದೇ ತರ ಕಾಣುವ ಈ ಹೊಲಿಗೆಯನ್ನು ಬಹಳ ನಿಟ್ಟಾಗಿ ತೋರಿಸಿದ್ದರಿಂದ ಆ ಹೆಸರು ಬಂತು. ಅದೇ ಬಾಸೆಲ್ ಪಟ್ಟಣದ ಮಿಶನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲಸಿದಾಗ, ತಮ್ಮ ಊರಿನ ಚಿತ್ರಗಾರನ ಹೆಸರಿನ ಹೊಲಿಗೆಯು ಇಲ್ಲಿಯ ಒಕ್ಕಲಗಿತ್ತಿಯ ಸೆರಗಿನಲ್ಲಿ ಇರುವದನ್ನು ಅವರಲ್ಲಿ ಯಾರಾದರೂ ಗುರುತಿಸಿದರೋ ಎಂದು ನಾನು ಕೆಲವು ಸಾರಿ ಯೋಚಿಸುವದುಂಟು.

ಮಾದರಿಯನ್ನು ಇಳಿಸಿಕೊಳ್ಳುವ ಕ್ರಮ ಹೀಗೆ. ಸೀರೆಯನ್ನು ಹಾಸಿಗೆಯ ಮೇಲೆ ನೆರಳಿನಲ್ಲಿ ಬಿಡಿಸಿರಿ, ಎಳೆಯಬೇಡಿರಿ. ಮೊಬೈಲು ಇದ್ದವರು ಎರಡೂ ಬದಿಯ ಫೋಟೋ ತೆಗೆದಿಡಲಿ. ಆದರೆ ಫೋಟೋ ಸಾಲದು, ಯಾಕಂದರೆ ಅದರಲ್ಲಿ ಚಿತ್ರ ಕಾಣುವದು, ದಾರ ಹೋದ ಹಾದಿ ಕಾಣುವದಿಲ್ಲ. ಮಗುವು ಗಣಿತದ ಚೌಕಳಿ ಪುಸ್ತಕವನ್ನು ತಕ್ಕೊಂಡು, ಒಂದು ಹೊಲಿಗೆಗೆ ಒಂದು ಮನೆಯಂತೆ ಎಣಿಸುತ್ತ ಬರೆಯಲಿ. ಚುಕ್ಕಿಯ ರಂಗೋಲಿ ಹಾಕಿ ಬಲ್ಲ ಹುಡುಗಿಗೆ ಇದು ಅರ್ಧ ದಿನದ ಕೆಲಸ. ಆರೇಳು ವರುಷದ ಚಿಕ್ಕವರಿಗೆ ಸೂಜಿ ಬೇಡ. ಅವರು ಎಣಿಕೆ ಕೂಗಲಿ, ಅಕ್ಕನು ಬರೆಯಲಿ. ಎಂಟು ವರುಷವಾದವರು ಹೊಲಿಯಬಹುದು. ಮೊದಲನೆಯ ವಾರ ನೆಟ್ಟನೆಯ ಗೆರೆ, ಅನಂತರ ಮೆಟ್ಟಲು, ಅನಂತರ ಒಂದು ಚಿಕ್ಕಿ. ಆ ಮೇಲೆ ಮಾತ್ರ ಅಜ್ಜಿಯ ತೇರಿಗೆ ಕೈ ಹಾಕಲಿ. ಒಂದು ಹೊತ್ತಿಗೆ ಅರ್ಧ ತಾಸು ಸಾಕು, ಅದೂ ಹಗಲಿನ ಬೆಳಕಿನಲ್ಲಿ. ಕಪ್ಪು ಬಟ್ಟೆಯನ್ನು ಮಕ್ಕಳಿಗೆ ಕೊಡಬೇಡಿರಿ. ಅಜ್ಜಿ ಹಾಕಿದ್ದು ಕಪ್ಪಿನ ಮೇಲೆ ಆದರೂ ಮೊಮ್ಮಕ್ಕಳು ಬಿಳಿಯ ಮೇಲೆ ಹಾಕಲಿ, ಎಳೆ ಕಾಣುವದು.

ಮಗು ತಪ್ಪು ಮಾಡುವದು. ದೊಡ್ಡ ತಪ್ಪನ್ನು ಬಿಚ್ಚಿಸಿರಿ, ಯಾಕಂದರೆ ಒಂದು ಎಳೆ ತಪ್ಪಿದರೆ ಮುಂದಿನ ಗೆರೆಗಳು ಕೂಡುವದಿಲ್ಲ. ಆದರೆ ಗಿಳಿಯ ಬಾಲ ಒಂದು ಮನೆ ಉದ್ದವಾದರೆ ಬಿಡಿರಿ. ತಾಯಿಯು ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಆ ಬಾಲವನ್ನು ಸರಿಪಡಿಸುವದನ್ನು ನಾನು ಒಪ್ಪುವದಿಲ್ಲ. ಬೆಳಿಗ್ಗೆ ಮಗುವಿಗೆ ಅದು ಗೊತ್ತಾಗುವದು. ಆ ಮೇಲೆ ಆ ಚಿತ್ರ ಅದರದಾಗಿ ಉಳಿಯುವದಿಲ್ಲ.

ಚಿತ್ರದ ಕೆಳಗೆ ಹೆಸರೂ ಇಸವಿಯೂ ಬೇಕು. ಲಂಡನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ವಸ್ತುಸಂಗ್ರಹಾಲಯದಲ್ಲಿ ಜೇನ್ ಬೊಸ್ಟಾಕ್ ಎಂಬವಳು 1598ರಲ್ಲಿ ಹೊಲಿದ ಒಂದು ಬಟ್ಟೆ ಇದೆ. ಇಸವಿ ಬರೆದಿರುವ ಇಂಗ್ಲಿಷ್ ಮಾದರಿಬಟ್ಟೆಗಳಲ್ಲಿ ತಿಳಿದ ಮಟ್ಟಿಗೆ ಅದೇ ಹಳೆಯದು. ಅದರಲ್ಲಿ ಅಕ್ಷರಮಾಲೆಯೂ ಬಳ್ಳಿಗಳೂ ಪ್ರಾಣಿಗಳೂ ಇರುವದಲ್ಲದೆ, ಆಲಿಸ್ ಲೀ ಎಂಬ ಕೂಸು 1596ನೆಯ ಇಸವಿಯ ನವೆಂಬರ 23ನೆಯ ತಾರೀಖು ಮಂಗಳವಾರ ಮಧ್ಯಾಹ್ನದ ಮೇಲೆ ಹುಟ್ಟಿತೆಂದು ಹೊಲಿದಿದೆ. ಆ ಒಂದು ಸಾಲಿನಿಂದ ನಾನೂರು ವರುಷಗಳ ಹಿಂದಿನ ಒಂದು ಕೂಸಿನ ಹೆಸರು ಈಗ ನವಲಗುಂದದಲ್ಲಿ ಕೂತ ನಮಗೂ ಗೊತ್ತಾಯಿತು. ನಮ್ಮ ಅಜ್ಜಿಯಂದಿರ ಕಸೂತಿಯಲ್ಲಿ ಹೆಸರು ಇಲ್ಲ. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ, ಬಂದವರೂ ಹೊಲಿಯಲಿಲ್ಲ. ಆದದರಿಂದ ಮಗುವಿನ ಹೆಸರಿನ ಜೊತೆಗೆ ಅಜ್ಜಿಯ ಹೆಸರನ್ನೂ ಹಾಕಿಸಿರಿ.

ಇಲ್ಲಿ ಒಂದು ತೊಡಕು ಬರುವದು. ಇಂಗ್ಲಿಷ್ ಅಕ್ಷರಗಳಲ್ಲಿ ನೆಟ್ಟನೆಯ ಗೆರೆ ಹೆಚ್ಚು, ಅವು ಎಳೆ ಎಣಿಸುವ ಹೊಲಿಗೆಗೆ ಸುಲಭವಾಗಿ ಬರುವವು. ನಮ್ಮ ಕನ್ನಡದ ಅಕ್ಷರಗಳೋ ಉರುಟಾದವು, ತಲೆಕಟ್ಟು, ಕೊಂಬು, ಒತ್ತು ಬೇರೆ. ಗಂವಟಿಯು ಅಡ್ಡ, ನೆಟ್ಟಗೆ, ಓರೆ ಹೋಗುವದೇ ಹೊರತು ದುಂಡಗೆ ಹೋಗುವದಿಲ್ಲ. ಉರುಟನ್ನು ಮೆಟ್ಟಲು ಮಾಡಿ, ಮುರಗಿಯಲ್ಲಿ ಬರೆಯಬೇಕು. ಒಂದು ಅಕ್ಷರಕ್ಕೆ ಎತ್ತರದಲ್ಲಿ ಒಂಭತ್ತು ಹತ್ತು ಮನೆಯಾದರೂ ಬೇಕು. ಅದಕ್ಕಿಂತ ಚಿಕ್ಕದಾದರೆ ಯಾವ ಅಕ್ಷರವೆಂದು ತಿಳಿಯುವದಿಲ್ಲ. ನನ್ನ ಮಗಳು ಚೌಕಳಿಯ ಮೇಲೆ ಬರೆದು ಅಳಿಸಿ ಬರೆದು ಅಳಿಸಿ ತನ್ನ ಹೆಸರನ್ನು ಕೂಡಿಸಲಿಕ್ಕೆ ನಾಲ್ಕು ದಿನ ಹಿಡಿಯಿತು. ತೇರಿಗಿಂತ ಅದರ ಮೇಲೆಯೇ ಆಕೆಗೆ ಹೆಚ್ಚು ಹೆಮ್ಮೆ.

ಹೊಲಿಗೆ ಮುಗಿದ ಮೇಲೆ ಅಂಟವಾಳದ ನೊರೆಯ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಒಗೆದ ಬಟ್ಟೆಯ ಮೇಲೆ ಮಗುಚಿ ಹಾಸಿ ನೆರಳಿನಲ್ಲಿ ಒಣಗಿಸಿರಿ. ಗೋಡೆಗೆ ಹಾಕುವ ರೀತಿಯಲ್ಲಿ ಅನೇಕರು ತಪ್ಪುವರು. ರಟ್ಟಿಗೆ ಅಂಟು ಹಚ್ಚಿ ಬಟ್ಟೆಯನ್ನು ಒತ್ತಿಬಿಡುವರು. ಕೆಲವು ವರುಷಗಳಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ ಮುಂಬದಿಗೆ ಹಾಯುವದು, ಹುಳವೂ ಆ ಅಂಟಿಗೇ ಬರುವದು. ಹಾಗೆ ಮಾಡದೆ, ಒಂದು ತೆಳು ಹಲಗೆಗೆ ಹಳೆಯ ಬಿಳಿ ಧೋತರದ ತುಂಡನ್ನು ಬಿಗಿದು ಹೊಲಿದು, ಅದರ ಮೇಲೆ ಕಸೂತಿಯ ಬಟ್ಟೆಯ ಅಂಚನ್ನು ದೂರ ದೂರ ಹೊಲಿಗೆಯಿಂದ ಕೂಡಿಸಿರಿ. ಊರಿನ ಬಡಿಗನು ಸುತ್ತಲೂ ಚೌಕಟ್ಟು ಮಾಡಿಕೊಡುವನು. ಗಾಜು ಹಾಕಿಸುವದಾದರೆ ಗಾಜು ಬಟ್ಟೆಗೆ ತಗಲದಂತೆ ನಾಲ್ಕೂ ಕಡೆ ತೆಳುವಾದ ಪಟ್ಟಿ ಇಡಿಸಿರಿ. ತಗಲಿದರೆ ಮಳೆಗಾಲದಲ್ಲಿ ಒಳಗೆ ಬೆವತು ಬೂಜು ಹಿಡಿಯುವದು. ಕಲಘಟಗಿಯ ಕಡೆ ಮಳೆ ಹೆಚ್ಚಾದದರಿಂದ ಅಲ್ಲಿಯವರು ಇದನ್ನು ಮರೆಯಬಾರದು. ನವಲಗುಂದ ಅಣ್ಣಿಗೇರಿಗಳ ಎರೆ ಸೀಮೆಯಲ್ಲಿ ಬೇರೊಂದು ಕಷ್ಟ. ಎರೆ ನೆಲವು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವದರಿಂದ ಗೋಡೆಗಳು ಸೀಳುವವು, ಮೊಳೆ ಸಡಿಲಾಗುವದು. ಅಲ್ಲಿ ಗೋಡೆಗೆ ಮೊಳೆ ಹೊಡೆಯದೆ ಕಂಬಕ್ಕೋ ತೊಲೆಗೋ ದಾರ ಕಟ್ಟಿ ತೂಗಹಾಕುವದು ಒಳ್ಳೇದು. ಎಲ್ಲಿಯಾದರೂ ಬಿಸಿಲು ಬೀಳುವ ಗೋಡೆ ಬೇಡ, ಒಲೆಯ ಹೊಗೆ ಬರುವ ಗೋಡೆಯೂ ಬೇಡ.

ಹಲಗೆಯ ಹಿಂಬದಿಯಲ್ಲಿ ಒಂದು ಬಟ್ಟೆಯ ಚೀಲವನ್ನು ಹೊಲಿದು, ಅದರಲ್ಲಿ ಚೌಕಳಿ ಕಾಗದದ ಮಾದರಿಯನ್ನು ಮಡಚದೆ ಇಡಿರಿ. ಆ ಕಾಗದದ ಮೇಲೆ ಮಗುವೇ ತನ್ನ ಕೈಯಿಂದ ಬರೆಯಲಿ: ಈ ಚಿತ್ರ ಯಾರ ಸೀರೆಯದು, ಆ ಸೀರೆ ಅವರಿಗೆ ಯಾರು ಕೊಟ್ಟದ್ದು, ಅವರು ಯಾವ ಊರಿಂದ ಈ ಮನೆಗೆ ಬಂದವರು, ಎಷ್ಟು ಎಳೆಗೆ ಒಂದು ಹೊಲಿಗೆ ಹಿಡಿದದ್ದು, ದಾರ ಎಲ್ಲಿಂದ ಶುರುವಾಗಿ ಯಾವ ಕೊಂಬೆಗೆ ಮೊದಲು ಹೋದದ್ದು. ಸೀರೆಯನ್ನು ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಇಡದೆ, ವರುಷಕ್ಕೆ ಎರಡು ಸಾರಿ ತೆಗೆದು ಮಡಿಕೆಯ ಗೆರೆಯನ್ನು ಬದಲಿಸಿ ತಿರುಗಿ ಟ್ರಂಕಿನಲ್ಲಿ ಇಡಿರಿ. ಪಾತ್ರೆಯವಳು ಓಣಿಯಲ್ಲಿ ಕೂಗುವ ದಿನ ಆ ಟ್ರಂಕಿನ ಕೀಲಿಯು ಮಕ್ಕಳ ಕೈಯಲ್ಲಿ ಇರಲಿ.